ಮೊದಲ ಮಹಡಿಯ ಕೆರೆ

ಎರಡಡಿ ಉದ್ದದ ಅಕ್ವೇರಿಯಂ ಬೇಕಿದ್ದರೆ ಸುಮ್ಮನೆ ಅಂಗಡಿಯಲ್ಲಿ ಕೊಂಡುಬಿಡಿ. ಅಷ್ಟು ಚಿಕ್ಕದನ್ನು ನೀವೇ ಮಾಡಿಕೊಂಡರೆ ಉಳಿಯುವ ದುಡ್ಡಿಗೆ ಮೀನಿಗೆ ಹಾಕುವ ಊಟದ ಡಬ್ಬಿಯೂ ಬರುವುದಿಲ್ಲ. ತಂಟೆ ಶುರುವಾಗುವುದು ಆರಡಿಗೆ. ನಮ್ಮ ಯಜಮಾನರಿಗೆ ಬೇಕಾಗಿದ್ದು ಆರಡಿಯದೇ.

ಅಂಗಡಿಯವನ ರೇಟು ಕೇಳಿ ಇವರು, "ಐದು ಗಾಜು, ಒಂದಿಷ್ಟು ಗಮ್ಮು. ಇದಕ್ಕೆ ಇಷ್ಟಾ? ನಾನೇ ಮಾಡ್ತೀನಿ" ಎಂದರು. ನ್ಯಾಯವಾದ ಕಾರಣವೂ ಒಂದಿತ್ತೆನ್ನಿ. ರೆಡಿಮೇಡ್ ತೊಟ್ಟಿ ನಮ್ಮ ಮೆಟ್ಟಿಲಿನ ತಿರುವು ದಾಟುವ ಹಾಗಿರಲಿಲ್ಲ. ಹಾಲ್‌ನಲ್ಲೇ ಅಂಟಿಸಿದರೆ ಆ ರಗಳೆಯಿಲ್ಲ. (ಬಾಡಿಗೆ ಮನೆ ಬಿಡುವಾಗ ಹೊರಗೆ ಹೋಗುವುದು ಹೇಗೆ ಎಂದು ಕೇಳಿದೆ. "ಆಗ ನೋಡೋಣ.")

ಗುಜರಿಯಲ್ಲಿ ಯಾವುದೋ ಶೋರೂಮಿನ ಹಳೇ ಬಾಗಿಲ ಗಾಜು ಅಗ್ಗಕ್ಕೆ ಸಿಕ್ಕಿತು. ಕತ್ತರಿಸಲು ಒಯ್ದರೆ ಗಾಜಿನಂಗಡಿಯವನು ಮುಟ್ಟಲೇ ಇಲ್ಲ. "ಟಫನ್ ಗ್ಲಾಸು ಸಾರ್, ಕಟ್ ಮಾಡಕ್ಕೋದ್ರೆ ಪುಡಿಪುಡಿ." ಕೊನೆಗೆ 12 ಎಂಎಂನ ಮಾಮೂಲಿ ಗಾಜೇ ಬಂತು. ಗಾಜು ಅಂಟಿಸುವ ಸಿಲಿಕೋನ್ ಗಮ್ಮಿನದು ಇನ್ನೊಂದು ರಾಮಾಯಣ. ಮೊದಲು ತಂದಿದ್ದು ಬೂಸ್ಟು ಹಿಡಿಯದಂತೆ ಬಚ್ಚಲುಮನೆಗೆ ಹಚ್ಚುವ ಟ್ಯೂಬು. ಬೂಸ್ಟು ಕೊಲ್ಲುವ ಮದ್ದು ಮೀನನ್ನೂ ಬಿಡುವುದಿಲ್ಲವಂತೆ. ಅದನ್ನು ವಾಪಸ್ ಕೊಟ್ಟು, ಅಕ್ವೇರಿಯಂನದೇ ತಂದು ಅಂಟಿಸಿದ್ದಾಯಿತು.

ಅದು ಒಣಗುವಾಗ ಮನೆಯೆಲ್ಲ ವಿನೆಗರ್ ವಾಸನೆ. ಅತ್ತೆ ಉಪ್ಪಿನಕಾಯಿ ಭರಣಿಗಳನ್ನೆಲ್ಲ ಬಿಚ್ಚಿ ಮೂಸಿ, "ಯಾರೋ ಒದ್ದೆ ಚಮಚ ಹಾಕಿದಾರೆ" ಎಂದರು. ಮನೆಯಲ್ಲಿ ಆಗ ಇದ್ದದ್ದು ಅವರು ಮತ್ತು ನಾನು.

ಕೆಳಗಿನ ಓನರ್ ಅಂಕಲ್ ರಿಟೈರ್ಡ್ ಸಿವಿಲ್ ಎಂಜಿನಿಯರ್. ಪೈಪು ಹಿಡಿದು ನಿಂತಿದ್ದ ಇವರನ್ನು ತಡೆದು, ಬಾಯಲ್ಲೇ ಲೆಕ್ಕ ಹಾಕಿದರು: "ಆರು, ಎರಡು, ಎರಡು. 24 ಘನ ಅಡಿ. ಸುಮಾರು 680 ಲೀಟರ್, ಅಂದ್ರೆ ನೀರೇ 680 ಕೆಜಿ. ಗಾಜು, ಮರಳು, ಸ್ಟ್ಯಾಂಡು ಬೇರೆ. ಮನೆ ಮಹಡಿಗೆ ಚದರ ಮೀಟರಿಗೆ 200 ಕೆಜಿ ಅಂತ ಹಿಡಿದು ಕಟ್ಟೋದು ನೋಡಪ್ಪಾ. ಇದು ಕೂತಿರೋದೇ ಒಂದು ಚದರ ಮೀಟರ್ ಚಿಲ್ಲರೆಯಲ್ಲಿ. ಕೆಳಗೆ ನಮ್ಮ ದೇವರಮನೆ ಇದೆ."

ಖಾಲಿ ತೊಟ್ಟಿ, ನೆಲದಡಿ ತೊಲೆ ಇರುವ ಕಡೆ, ಗೋಡೆಯ ಪಕ್ಕಕ್ಕೆ ಹೋಯಿತು. ಅಲ್ಲಿದ್ದ ಸೋಫಾ ಬಾಗಿಲಿಗೆ ಬಂತು. ಈಗ ನಮ್ಮನೆಗೆ ಎಲ್ಲರೂ ಅಡ್ಡಡ್ಡವಾಗಿಯೇ ಬರುತ್ತಾರೆ.

ಫಿಲ್ಟರು, ಲೈಟು, ಸ್ಟ್ಯಾಂಡು ಸೇರಿಸಿ ನಾನು ಲೆಕ್ಕ ಬರೆದಿಟ್ಟಿದ್ದೇನೆ. ಇವರು ಇನ್ನೂ ಆ ಚೀಟಿ ನೋಡಿಲ್ಲ. ನೀರೇನೋ ಒಂದು ಹನಿಯೂ ಸೋರಲಿಲ್ಲ, ಒಪ್ಪಬೇಕು. ಆದರೆ ಮೀನು ಬಿಡುವ ಹಾಗಿಲ್ಲ. ಮೀನಿನ ಗಲೀಜಿನಿಂದ ಬರುವ ಅಮೋನಿಯಾ ಮೀನಿಗೇ ವಿಷವಂತೆ. ಅದು ನೈಟ್ರೈಟಾಗಿ, ಆ ನೈಟ್ರೈಟೂ ವಿಷವೇ ಆದ್ದರಿಂದ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿ ಬದಲಾಗಬೇಕು. ಆ ಕೆಲಸ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು ವಾರಗಟ್ಟಲೆ ಬೇಕು.

ಪಕ್ಕದ ಮನೆ ಮಗು ಗಾಜಿಗೆ ಮೂಗು ಒತ್ತಿ, "ಅಜ್ಜಿ, ಮೀನೆಲ್ಲಿ?" ಎಂದಿತು.

"ಮೀನಿಲ್ಲ ಪುಟ್ಟಾ. ನಿಮ್ಮಂಕಲ್ಲು ಬ್ಯಾಕ್ಟೀರಿಯಾ ಸಾಕ್ತಿದಾನೆ. ದೂರ ನಿಂತು ನೋಡು" ಎಂದರು ಅತ್ತೆ.

ಆ ಮಗುವಿನ ಅಮ್ಮ ಈಚೆಗೆ ನಮ್ಮನೆಯಲ್ಲಿ ಕಾಫಿ ಕುಡಿಯುತ್ತಿಲ್ಲ.