ವಿ523 ಮನೆತನ

ದೊಡ್ಡಪ್ಪನ ಮಗ ಅಮೆರಿಕದಿಂದ ಒಂದು ಜೆಡ್‌ಕಾಮ್ ಫೈಲ್ ಕಳಿಸಿದ. ವಂಶವೃಕ್ಷದ ಸಾಫ್ಟ್‌ವೇರ್ ಯಾವುದಾದರೂ ಸರಿ, ಈ ಫೈಲನ್ನು ಓದುತ್ತದೆ. ನನ್ನ ಕಂಪ್ಯೂಟರಿನಲ್ಲಿರುವುದು ಪುಕ್ಕಟೆ ಸಿಗುವ ಗ್ರಾಂಪ್ಸ್. ಅದಕ್ಕೆ ಸುರಿದೆ. 212 ಜನರಿದ್ದ ನಮ್ಮ ಮನೆತನ ಒಂದೇ ನಿಮಿಷಕ್ಕೆ 390 ಆಯಿತು. ಮದುವೆಮನೆ ಊಟದ ಹಾಲಿನಲ್ಲೂ ಇಷ್ಟು ಬೇಗ ಜನ ತುಂಬುವುದಿಲ್ಲ. ನೋಡಿದರೆ ನಮ್ಮಪ್ಪ ಇಬ್ಬರು. ನಾನೂ ಇಬ್ಬರು!

ಇದಕ್ಕೆ ಮದ್ದಿದೆ. ಒಬ್ಬರೇ ಎರಡು ಸಲ ಬಂದಿರಬಹುದಾದ ಜೋಡಿಗಳನ್ನು ಸಾಫ್ಟ್‌ವೇರೇ ಹುಡುಕಿ ಕೊಡುತ್ತದೆ. ಜೊತೆಗೆ ಸೌಂಡೆಕ್ಸ್ ಬೇಕೇ ಎಂದು ಕೇಳುತ್ತದೆ. ಅದು 1918ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಆದ ಉಪಾಯ. ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು, ಸ್ವರ ಬಿಟ್ಟು, ವ್ಯಂಜನಗಳಿಗೆ ಅಂಕಿ ಹಾಕುವುದು. ಮೂರು ಅಂಕಿಯಾದರೆ ಸಾಕು. ಲಕ್ಷ್ಮಿಯನ್ನು 'ಎಕ್ಸ್' ಹಾಕಿ ಬರೆಯಿರಿ, 'ಕೆಎಸ್‌ಎಚ್' ಹಾಕಿ ಬರೆಯಿರಿ, ಎರಡೂ ಎಲ್250. ಭೇಷ್ ಅಂದುಕೊಂಡೆ.

ಆಮೇಲೆ ವೆಂಕಟೇಶ ಬಂದ. ವಿ523. ವೆಂಕಟಪ್ಪ? ಅದೂ ವಿ523. ವೆಂಕಟರಮಣಯ್ಯ, ವೆಂಕಟಸುಬ್ಬಯ್ಯ, ಎಲ್ಲರೂ ವಿ523. ವೆಂಕಟ ಅನ್ನುವಷ್ಟರಲ್ಲೇ ಮೂರು ಅಂಕಿ ಮುಗಿದುಹೋಗುತ್ತದೆ, ಪಾಪ. ನಮ್ಮ ಮನೆದೇವರು ತಿರುಪತಿ ತಿಮ್ಮಪ್ಪ. ಅಜ್ಜನ ಹೆಸರು ಮೊಮ್ಮಗನಿಗೆ ಇಡಬೇಕು ಅನ್ನುವುದು ಬೇರೆ. ಸರ್‌ನೇಮ್ ಇಲ್ಲದ ಮನೆ, ಆ ಜಾಗದಲ್ಲೂ ಹೆಸರನ್ನೇ ತುಂಬಿದ್ದೆ. ಗಂಡಸರೆಲ್ಲ ಒಬ್ಬನೇ ಇರಬಹುದೆಂದು ಪಟ್ಟಿ ಬಂತು.

ರಾತ್ರಿ ಹನ್ನೆರಡಕ್ಕೆ, ನಿದ್ದೆಗಣ್ಣಲ್ಲಿ, ಇಬ್ಬರು ವೆಂಕಟಪ್ಪಂದಿರನ್ನು ಒಂದು ಮಾಡಿದೆ. ಒಬ್ಬ ನನ್ನಜ್ಜ, ಇನ್ನೊಬ್ಬ ಆ ಅಜ್ಜನ ಅಜ್ಜ. ಅಪ್ಪ-ಮಗನನ್ನು ಸೇರಿಸಲು ಹೋದರೆ ಗ್ರಾಂಪ್ಸ್ ಆಗಲ್ಲ ಅನ್ನುತ್ತದೆ. ಅಜ್ಜ-ಮೊಮ್ಮಗನನ್ನೇ ಸೇರಿಸುವ ಪೆದ್ದ ಇರುತ್ತಾನೆ ಅಂತ ಯಾರು ತಾನೇ ಎಣಿಸುತ್ತಾರೆ? ಅಜ್ಜ ತನ್ನ ಮಗನಿಗೇ ಮಗನಾಗಿ ಕೂತಿದ್ದ. ಬ್ಯಾಕಪ್ ಇತ್ತು, ಬಚಾವಾದೆ.

ಆದರೆ ನಿಜವಾಗಿ ಸೇರಬೇಕಿದ್ದ ಜೋಡಿ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಅಣ್ಣ ಅಜ್ಜಿಯ ತವರಿನವರನ್ನು ಕೇಳಿ ಬರೆದ ಕಡೆ ಪುಟ್ಟಗೌರಿ ಅಂತ ಒಬ್ಬಳಿದ್ದಳು. 1921ರಲ್ಲಿ ಹುಟ್ಟು, ಅಪ್ಪ, ಅಮ್ಮ, ನಾಲ್ಕು ಜನ ಅಣ್ಣಂದಿರು. ಮುಂದೆ ಏನೂ ಇಲ್ಲ. ನನ್ನ ಕಡೆ ಸೀತಮ್ಮ. 1934ರಲ್ಲಿ ಮದುವೆ, ಆರು ಮಕ್ಕಳು. ಹಿಂದೆ ಏನೂ ಇಲ್ಲ. ಮದುವೆ ದಿನ ಹೆಣ್ಣಿಗೆ ಹೊಸ ಹೆಸರಿಡುವ ಪದ್ಧತಿ ನಮ್ಮ ಮನೆಯಲ್ಲಿತ್ತು. ಹದಿಮೂರಕ್ಕೆ ಒಬ್ಬಳು ಮುಗಿದಿದ್ದಳು, ಅಲ್ಲಿಂದಲೇ ಇನ್ನೊಬ್ಬಳು ಶುರುವಾಗಿದ್ದಳು. ಕಂಪ್ಯೂಟರಿಗೆ ಇಬ್ಬರಲ್ಲಿ ಏನೇನೂ ಹೋಲಿಕೆ ಕಾಣಲಿಲ್ಲ.

ಇಬ್ಬರೂ ಒಬ್ಬಳೇ ಅಂತ ಹೇಳಿದ್ದು ಅತ್ತೆ, ಫೋನಿನಲ್ಲಿ, ಹುರುಳಿಕಾಯಿ ಸೋಸುತ್ತಾ.

ಸೇರಿಸುವಾಗ ಯಾವ ಹೆಸರು ಮೇಲಿರಬೇಕು ಎಂದು ಆರಿಸಬೇಕು. ಇನ್ನೊಂದು ಕೆಳಗೆ ಬೇರೆ ಹೆಸರಾಗಿ ಉಳಿಯುತ್ತದೆ. "ಸೀತಮ್ಮ ಅಂತಲೇ ಇಡ್ಲಾ ಅತ್ತೆ?" ಅಂದೆ.

"ಯಾರು ಕಣೋ ಹಾಗೆ ಕರೆದಿದ್ದು? ಅಪ್ಪ 'ಇವಳೇ' ಅನ್ನೋರು. ನಾವು ಅಮ್ಮ ಅಂತಿದ್ವಿ. ಸೋದರಮಾವ ಬಂದ್ರೆ ಮಾತ್ರ ಗೇಟಿನ ಹತ್ರದಿಂದಲೇ ಪುಟ್ಟಗೌರೀ ಅಂತ ಕೂಗೋನು. ಇವಳು ಒಲೆ ಮೇಲಿದ್ದದ್ದು ಬಿಟ್ಟು ಓಡೋಳು."

ಪುಟ್ಟಗೌರಿಯನ್ನು ಮೇಲಿಟ್ಟು ಗುಂಡಿ ಒತ್ತಿದೆ. ಮನೆಯಲ್ಲಿ ಒಂದು ತಲೆ ಕಮ್ಮಿಯಾಯಿತು.