ಊರು ಕೇಳಬ್ಯಾಡ್ರಿ, ಉಸಿರು ನಿಂತ ಜಾಗ ಕೇಳ್ರಿ

ಹಳೆಯ ಸಾವಿನ ದಾಖಲೆ ಬೇಕಾದಾಗ ಧಾರವಾಡ, ಗದಗ, ಹಾವೇರಿಯ ನಮ್ಮ ಕಡೆಯವರು ಮೊದಲು ಹೋಗುವುದು ಸತ್ತವರ ಸ್ವಂತ ಊರಿಗೆ. ಅಲ್ಲೇ ದಾರಿ ತಪ್ಪುತ್ತದೆ. 1969ರ ಜನನ-ಮರಣ ನೋಂದಣಿ ಕಾಯ್ದೆ ಕರ್ನಾಟಕದಲ್ಲಿ 1970ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಕಾಯ್ದೆಗೆ ಬೇಕಿರುವುದು ಸಾವು ಎಲ್ಲಿ ಸಂಭವಿಸಿತು ಅನ್ನುವುದು. ಸತ್ತವರ ಊರು ಯಾವುದು, ಮಣ್ಣು ಎಲ್ಲಿ ಆಯಿತು ಅನ್ನುವುದು ಅದಕ್ಕೆ ಮುಖ್ಯವಲ್ಲ. ರೋಣದ ಕಡೆ ಇಡೀ ಜೀವಮಾನ ಒಕ್ಕಲುತನ ಮಾಡಿದ ಅಜ್ಜ ಕೊನೆಗೆ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅವರ ಹೆಸರು ಹುಬ್ಬಳ್ಳಿಯಲ್ಲಿ ದಾಖಲಾಗಿರುತ್ತದೆ. ರೋಣದ ರಿಜಿಸ್ಟರನ್ನು ಎಷ್ಟು ಸಲ ತಿರುವಿ ಹಾಕಿದರೂ ಸಿಗುವುದಿಲ್ಲ. ಗದಗ, ಹಾವೇರಿ ಎರಡೂ ಜಿಲ್ಲೆಗಳಿಂದ ದೊಡ್ಡ ಕಾಯಿಲೆಗೆಲ್ಲ ಹುಬ್ಬಳ್ಳಿಗೇ ಓಡಿ ಬರುವ ರೂಢಿ ಇರುವುದರಿಂದ ಈ ಗೊಂದಲ ನಮ್ಮ ಭಾಗದಲ್ಲಿ ಸ್ವಲ್ಪ ಜಾಸ್ತಿಯೇ.

ಹಾಗಾಗಿ ಮನೆಯ ಹಿರಿಯರನ್ನು ಮೊದಲು ಕೇಳಬೇಕಾದದ್ದು ಇದು: ಮನೆಯಲ್ಲಿ ಹೋದರಾ, ದವಾಖಾನೆಯಲ್ಲಿ ಹೋದರಾ, ಇಲ್ಲಾ ದಾರಿಯಲ್ಲಿ ಹೋದರಾ? ಮನೆಯಲ್ಲಾದರೆ ಸುದ್ದಿ ಕೊಡುವ ಹೊಣೆ ಮನೆಯ ಯಜಮಾನರದು, ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯದು. ವಾಹನದಲ್ಲಿ ಹೋಗುವಾಗ ಜೀವ ಹೋದರೆ ಆ ವಾಹನ ಮೊದಲು ನಿಂತ ಜಾಗದಲ್ಲಿ ನೋಂದಣಿ ಆಗಬೇಕು ಅನ್ನುವುದು ನಿಯಮ. ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವುದು ಈ ಮೂರನೆಯ ಬಗೆಯ ಸಾವುಗಳೇ. ಆಸ್ಪತ್ರೆಯವರು ‘ಬರುವಾಗಲೇ ಜೀವ ಇರಲಿಲ್ಲ’ ಎಂದು ಬರೆದು ಕಳಿಸುತ್ತಾರೆ, ಮನೆಯವರು ಆಸ್ಪತ್ರೆಯವರೇ ಬರೆಸಿದ್ದಾರೆ ಎಂದುಕೊಂಡು ಸುಮ್ಮನಾಗುತ್ತಾರೆ. ಕೊನೆಗೆ ಯಾರೂ ಬರೆಸಿರುವುದಿಲ್ಲ. ಅಪಘಾತ, ವಿಷ, ಹಾವು ಕಡಿತ ಇಂಥ ಪ್ರಕರಣವಾದರೆ ಪೊಲೀಸ್ ಠಾಣೆಯಲ್ಲಿ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ ಇರುತ್ತವೆ. ದಿನಾಂಕಕ್ಕೆ ಅವು ಗಟ್ಟಿ ಆಧಾರ. ಆದರೆ ಪೋಸ್ಟ್ ಮಾರ್ಟಂ ಆಯಿತು ಎಂದ ಮಾತ್ರಕ್ಕೆ ನೋಂದಣಿ ಆಯಿತು ಎಂದಲ್ಲ.

ಇನ್ನು ಕಚೇರಿ ಯಾವುದು? ಪಟ್ಟಣದಲ್ಲಿ ಮಹಾನಗರ ಪಾಲಿಕೆ, ನಗರಸಭೆ ಅಥವಾ ಪುರಸಭೆಯ ಜನನ-ಮರಣ ವಿಭಾಗ. ಹಳ್ಳಿಯ ಹಳೆಯ ಸಾವುಗಳನ್ನು ಬರೆದವರು ಗ್ರಾಮ ಲೆಕ್ಕಾಧಿಕಾರಿಗಳು. ನಮ್ಮ ಹಿರಿಯರು ತಲಾಟಿ ಅನ್ನುತ್ತಿದ್ದವರೇ ಇವರು, ಈಗ ಗ್ರಾಮ ಆಡಳಿತಾಧಿಕಾರಿ. ಅವರು ಬರೆದ ಹಳೆಯ ಪುಸ್ತಕಗಳಿಗೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಬೇಕು. ಇಲ್ಲಿ ಗಡಿಯ ತೊಡಕೊಂದಿದೆ. ಅಣ್ಣಿಗೇರಿ ಈಗ ತಾಲೂಕು, ಮೊದಲು ನವಲಗುಂದಕ್ಕೆ ಸೇರಿತ್ತು. ಹಾಗೆಯೇ ಗಜೇಂದ್ರಗಡ ರೋಣದಲ್ಲಿ, ಲಕ್ಷ್ಮೇಶ್ವರ ಶಿರಹಟ್ಟಿಯಲ್ಲಿ, ರಟ್ಟೀಹಳ್ಳಿ ಹಿರೇಕೆರೂರಿನಲ್ಲಿ, ಅಳ್ನಾವರ ಧಾರವಾಡದಲ್ಲಿ ಇದ್ದವು. ಹೊಸ ತಾಲೂಕು ಕಚೇರಿಯಲ್ಲಿ ‘ಇಲ್ಲ’ ಅಂದರೆ ಹಳೆಯ ತಾಲೂಕಿಗೆ ಹೋಗಿ. ಗದಗ, ಹಾವೇರಿ ಜಿಲ್ಲೆಗಳೇ 1997ರಲ್ಲಿ ಆದದ್ದು, ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಾಗದಪತ್ರಗಳ ಮೇಲೆ ಧಾರವಾಡ ಜಿಲ್ಲೆ ಎಂದೇ ಇರುತ್ತದೆ. ಹುಬ್ಬಳ್ಳಿ-ಧಾರವಾಡ ಒಂದೇ ಪಾಲಿಕೆ ಆದದ್ದು 1962ರಲ್ಲಿ. ಅದರ ಹಿಂದಿನ ಸಾವಾದರೆ ಯಾವ ಊರಿನ ಮುನ್ಸಿಪಾಲಿಟಿ ಎಂದು ಬಿಡಿಸಿ ಹೇಳಬೇಕು.

ಈಗ ದಿನಾಂಕದ ಮಾತು. ಹುಡುಕುವ ಶುಲ್ಕವನ್ನು ವರ್ಷದ ಲೆಕ್ಕದಲ್ಲಿ ಹಾಕುತ್ತಾರೆ. ರೊಕ್ಕ ದೊಡ್ಡದಲ್ಲ, ಆದರೆ ‘1975ರಿಂದ 1990ರ ನಡುವೆ ಯಾವಾಗಲೋ’ ಎಂದು ಅರ್ಜಿ ಬರೆದುಕೊಟ್ಟರೆ ಹದಿನಾರು ವರ್ಷದ ಪುಸ್ತಕ ಇಳಿಸಿ ನೋಡುವ ಪುರುಸೊತ್ತು ಯಾವ ಗುಮಾಸ್ತರಿಗೆ ಇದೆ? ಅಂಥ ಅರ್ಜಿ ಕಟ್ಟಿನಲ್ಲೇ ಉಳಿಯುತ್ತದೆ, ಅದಕ್ಕೆ ಅವರನ್ನು ಬೈದು ಉಪಯೋಗವಿಲ್ಲ. ಕಚೇರಿಗೆ ಹೋಗುವ ಮೊದಲು ನೀವೇ ಎರಡು ವರ್ಷದ ಅಂತರಕ್ಕೆ ತಂದು ನಿಲ್ಲಿಸಬೇಕು.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಧನ ಹೊಲದ ಉತಾರ, ಅಂದರೆ ಪಹಣಿ. ಖಾತೆದಾರ ಸತ್ತ ಮೇಲೆ ಮಕ್ಕಳ ಹೆಸರು ಏರಬೇಕಾದರೆ ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಲೇಬೇಕು. ಉತಾರದಲ್ಲಿ ಹೆಸರಿನ ಪಕ್ಕಕ್ಕೇ ಆ ಬದಲಾವಣೆಯ ಮ್ಯುಟೇಶನ್ ನಂಬರ್ ಇರುತ್ತದೆ. ಆ ನಂಬರ್ ಹಿಡಿದು ತಾಲೂಕು ಕಚೇರಿಯಲ್ಲಿ ಮ್ಯುಟೇಶನ್ ನಕಲು ಕೇಳಿ. ಖಾತೆದಾರ ಇಂಥ ದಿನ ಮೃತನಾದ, ವಾರಸುದಾರರು ಇಂಥಿಂಥವರು ಎಂದು ಅದರಲ್ಲಿ ಬರೆದಿರುತ್ತಾರೆ. ಉತಾರವನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ತಂತ್ರಾಂಶ ಬರುವ ಮೊದಲಿನ ವಾರಸಾ ಆಗಿದ್ದರೆ ಕೈಬರಹದ ಉತಾರ ತೆಗೆಸಬೇಕಾಗುತ್ತದೆ. ಊರೊಳಗಿನ ಮನೆಯಾದರೆ ಸಿಟಿ ಸರ್ವೆ ಕಚೇರಿಯ ಉತಾರದಲ್ಲೂ ಇದೇ ರೀತಿ ವಾರಸಾ ನಮೂದು ಸಿಗುತ್ತದೆ. ಒಂದು ಎಚ್ಚರ: ವಾರಸಾದಲ್ಲಿ ಬರೆದ ಸಾವಿನ ದಿನಾಂಕವನ್ನು ಪೂರ್ತಿ ನಂಬಬೇಡಿ. ಮಕ್ಕಳು ಐದಾರು ವರ್ಷ ತಡಮಾಡಿ ಅರ್ಜಿ ಕೊಟ್ಟಾಗ ಬಾಯಿಗೆ ಬಂದ ದಿನಾಂಕ ಬರೆಸಿರುವುದುಂಟು. ಆದರೆ ಅರ್ಜಿ ಕೊಟ್ಟ ದಿನಾಂಕ ಸುಳ್ಳಾಗುವುದಿಲ್ಲ. ಸಾವು ಅದಕ್ಕಿಂತ ಹಿಂದೆಯೇ ಆಗಿರಬೇಕು, ಅಷ್ಟು ಖಾತ್ರಿ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಉಪಾಯ ನಡೆಯುವುದಿಲ್ಲ, ಯಾಕೆಂದರೆ ಅವರಲ್ಲಿ ಹೆಚ್ಚಿನವರ ಹೆಸರಿಗೆ ಹೊಲವೇ ಇರಲಿಲ್ಲ. ಹೊಲ ಇಲ್ಲದ ಮೇಲೆ ವಾರಸಾ ಇಲ್ಲ. ವಾರಸಾ ಬೇಡವಾದ ಮೇಲೆ ಸಾವು ಬರೆಸುವ ಗರಜು ಯಾರಿಗೂ ಬೀಳಲಿಲ್ಲ. ನಮ್ಮ ಅಜ್ಜಿಯರು ಸರ್ಕಾರದ ಪುಸ್ತಕದಲ್ಲಿ ಕಾಣದಿರಲು ಇದೇ ದೊಡ್ಡ ಕಾರಣ ಅನ್ನುವುದು ನನ್ನ ಅಭಿಪ್ರಾಯ, ಇದನ್ನು ದಾಖಲೆಯ ಕೊರತೆ ಎಂದು ಕರೆಯುವುದು ಬಹಳ ಸೌಮ್ಯವಾದ ಮಾತು. ಅವರಿಗಾಗಿ ಅಡ್ಡದಾರಿ ಹಿಡಿಯಬೇಕು: ಗಂಡನ ವಾರಸಾದಲ್ಲಿ ಹೆಂಡತಿಯ ಹೆಸರು ವಾರಸುದಾರರ ಸಾಲಿನಲ್ಲಿದೆಯೋ ಇಲ್ಲವೋ ನೋಡಿ. ಇದ್ದರೆ ಆ ದಿನಕ್ಕೆ ಆಕೆ ಬದುಕಿದ್ದರು. ಗಂಡ ಸರ್ಕಾರಿ ಅಥವಾ ರೈಲ್ವೆ ನೌಕರಿಯಲ್ಲಿದ್ದರೆ ಕುಟುಂಬ ಪಿಂಚಣಿ ನಿಂತ ತಿಂಗಳು ಖಜಾನೆಯಲ್ಲೋ ಬ್ಯಾಂಕಿನಲ್ಲೋ ಸಿಗುತ್ತದೆ. ಹಳೆಯ ಮತದಾರರ ಪಟ್ಟಿ, ರೇಶನ್ ಕಾರ್ಡಿನಲ್ಲಿ ಹೆಸರು ತೆಗೆದ ದಿನಾಂಕ ಇವೂ ಅಂತರ ಕಿರಿದು ಮಾಡುತ್ತವೆ.

ಮನೆಯವರಿಗೆ ತಾರೀಖು ನೆನಪಿರುವುದಿಲ್ಲ, ತಿಥಿ ಮಾತ್ರ ಪಕ್ಕಾ ನೆನಪಿರುತ್ತದೆ. ಸಂವತ್ಸರದ ಹೆಸರು ಸಿಕ್ಕಿತೆಂದರೆ ಅದೃಷ್ಟ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುವುದರಿಂದ ಪ್ಲವ ಎಂದರೆ 2021-22, ಇಲ್ಲವೇ 1961-62. ಯಾವುದೆಂದು ಮನೆಯ ಮಕ್ಕಳ ವಯಸ್ಸೇ ಹೇಳುತ್ತದೆ. ಆ ವರ್ಷದ ಪಂಚಾಂಗ ನೋಡಿದರೆ ತಿಥಿಯಿಂದ ತಾರೀಖಿಗೆ ಬರಬಹುದು, ಒಂದು ದಿನ ಹಿಂದೆಮುಂದೆ ಬಿಟ್ಟುಕೊಳ್ಳಿ.

ಅರ್ಜಿಯಲ್ಲಿ ಹೆಸರನ್ನು ಒಂದೇ ರೂಪದಲ್ಲಿ ಬರೆಯಬೇಡಿ. ಬಸಪ್ಪ, ಬಸವಣ್ಣೆಪ್ಪ, ಬಸವರಾಜ ಮೂವರೂ ಒಬ್ಬರೇ ಆಗಿರಬಹುದು. ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು, ಉರ್ಫ್ ಇದ್ದರೆ ಅದು, ಸಾವಿನ ಸ್ಥಳ, ಆಗಿನ ವಿಳಾಸ, ನಿಮ್ಮ ಸಂಬಂಧ, ಎಷ್ಟು ಪ್ರತಿ ಬೇಕು ಎಲ್ಲ ಬರೆಯಿರಿ. ಬ್ಯಾಂಕು, ವಿಮೆ, ಪಿಂಚಣಿ, ವಾರಸಾ ಎಲ್ಲ ಕಡೆ ಮೂಲ ಪ್ರತಿ ಕೇಳುವುದರಿಂದ ಒಂದೇ ಸಲಕ್ಕೆ ನಾಲ್ಕೈದು ಪ್ರತಿ ತೆಗೆಸಿಕೊಳ್ಳುವುದು ಜಾಣತನ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಿಕ್ಕೆ ಹಾಕಿಸಿಕೊಂಡೇ ಏಳಿ. ಹೊಸ ಸಾವುಗಳು ಇ-ಜನ್ಮ ತಂತ್ರಾಂಶದಲ್ಲಿವೆ. ಮುದ್ರಿಸುವ ಮುನ್ನ ಇಂಗ್ಲಿಷ್ ಕಾಗುಣಿತ ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿ. ಆಮೇಲೆ ಒಂದು ಅಕ್ಷರ ತಿದ್ದಿಸಲು ಅಫಿಡವಿಟ್ಟು, ಸಾಕ್ಷಿಗಳು ಎಂದು ಓಡಾಡಬೇಕಾಗುತ್ತದೆ.

ಅಷ್ಟೆಲ್ಲ ಮಾಡಿಯೂ ಸಿಗದಿದ್ದರೆ ಒಂದು ಮಾತು ನೆನಪಿಸಿ. ರಿಜಿಸ್ಟರು ನಡೆಯುವುದು ನೋಂದಣಿ ಮಾಡಿದ ದಿನದ ಕ್ರಮದಲ್ಲಿ. ಡಿಸೆಂಬರ್ 25ಕ್ಕೆ ತೀರಿಕೊಂಡವರನ್ನು ಜನವರಿಯಲ್ಲಿ ಬರೆಸಿದ್ದರೆ ಅವರು ಮುಂದಿನ ವರ್ಷದ ಪುಸ್ತಕದಲ್ಲಿರುತ್ತಾರೆ. ‘ಮುಂದಿನ ವರ್ಷದ್ದೂ ನೋಡ್ರಿ ಸರ್’ ಎಂದು ಕೇಳದೆ ವಾಪಸ್ ಬರಬೇಡಿ.

ನಿಜಕ್ಕೂ ಇಲ್ಲವೆಂದಾದರೆ ಬಾಯಿಮಾತಿನ ‘ಇಲ್ಲ’ ತೆಗೆದುಕೊಂಡು ಬರಬಾರದು. ನಮೂನೆ 10ರಲ್ಲಿ ಅಲಭ್ಯತಾ ಪ್ರಮಾಣಪತ್ರ ಕೇಳಬೇಕು. ತಡವಾದ ನೋಂದಣಿಗೆ ಅದೇ ಮೊದಲ ಮೆಟ್ಟಿಲು. ಸಾವಾದ 21 ದಿನದೊಳಗೆ ಬರೆಸಿದರೆ ಪುಕ್ಕಟೆ, 30 ದಿನದವರೆಗೆ ವಿಳಂಬ ಶುಲ್ಕ, ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ. ವರ್ಷ ದಾಟಿದರೆ ಮೊದಲು ಪ್ರಥಮ ದರ್ಜೆ ನ್ಯಾಯಾಧೀಶರ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಹೋಗಿದೆ. ಇನ್ನೂ ‘ಕೋರ್ಟಿಗೇ ಹಾಕಬೇಕು’ ಅನ್ನುವ ಏಜೆಂಟರ ಮಾತಿಗೆ ಮೊದಲೇ ರೊಕ್ಕ ಬಿಚ್ಚಬೇಡಿ.

ಸಾವಿನ ಕಾರಣ ಬೇಕಾದವರಿಗೆ ಒಂದು ಸಾಲು: ರಿಜಿಸ್ಟರಿನ ನಕಲಿನಲ್ಲಿ ಕಾರಣವನ್ನು ಬಹಿರಂಗಪಡಿಸಬಾರದು ಎಂದು ಕಾಯ್ದೆಯ 17ನೇ ಕಲಮೇ ಹೇಳುತ್ತದೆ, ಅದಕ್ಕಾಗಿ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೋಗಿ.

1970ಕ್ಕಿಂತ ಹಿಂದಿನದು ಬೇರೆಯೇ ಕೆಲಸ. ನಮ್ಮ ಜಿಲ್ಲೆಗಳು 1956ರವರೆಗೆ ಮುಂಬೈ ಪ್ರಾಂತದಲ್ಲಿದ್ದವು, ಹಳೆಯ ಮರಾಠಿ ಬರಹದ ಮೋಡಿ ಲಿಪಿಯ ಕಾಗದ ಎದುರಾದರೆ ಓದಬಲ್ಲವರನ್ನು ಹುಡುಕಬೇಕು. ಎಲ್ಲ ಹಳ್ಳಿಗಳೂ ಬ್ರಿಟಿಷರ ಕೈಯಲ್ಲಿರಲಿಲ್ಲ. 1948ರವರೆಗೆ ಕುಂದಗೋಳ ಜಮಖಂಡಿ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗಲಿಯಲ್ಲಿ, ಲಕ್ಷ್ಮೇಶ್ವರ ಮಿರಜದಲ್ಲಿ ಇದ್ದವು, ಸವಣೂರಿಗೆ ನವಾಬರಿದ್ದರು. ಈ ಊರುಗಳ ಹಳೆಯ ದಫ್ತರ ಧಾರವಾಡದಲ್ಲೇ ಇರುತ್ತದೆ ಎಂದು ಹಟ ಹಿಡಿಯಬಾರದು. ಕ್ರೈಸ್ತ ಕುಟುಂಬಗಳಿಗೆ ಅನುಕೂಲ ಹೆಚ್ಚು: ಬಾಸೆಲ್ ಮಿಶನ್ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂತು, ಚರ್ಚುಗಳಲ್ಲಿ ಸಮಾಧಿ ರಿಜಿಸ್ಟರು ಕೇಳಬಹುದು. ಮುಸ್ಲಿಂ ಕುಟುಂಬಗಳು ಜಮಾತಿನಲ್ಲಿ ವಿಚಾರಿಸಬೇಕು. ಹೆಳವರು ಮನೆಗೆ ಬರುವ ಪದ್ಧತಿ ಇನ್ನೂ ಉಳಿದ ಊರಾದರೆ ಅವರು ಹೇಳುವ ವಂಶಾವಳಿ ಬರೆದಿಟ್ಟುಕೊಳ್ಳಿ. ತಾರೀಖು ಸಿಗದಿದ್ದರೂ ಯಾರ ಹಿಂದೆ ಯಾರು ಅನ್ನುವ ಕ್ರಮ ಸಿಗುತ್ತದೆ, ಒಂದೇ ಹೆಸರಿನ ಅಜ್ಜ-ಮೊಮ್ಮಕ್ಕಳನ್ನು ಬಿಡಿಸಲು ಅದೇ ಸಾಕು.

ಕೊನೆಗೆ ಪತ್ರಿಕೆ. ನಿಧನ ವಾರ್ತೆ ಕಾನೂನಿನ ಮುಂದೆ ಮರಣ ಪ್ರಮಾಣಪತ್ರದ ಜಾಗಕ್ಕೆ ಬರುವುದಿಲ್ಲ. ಆದರೆ ದಿನಾಂಕ, ಮಕ್ಕಳ ಹೆಸರು, ಅಂತ್ಯಕ್ರಿಯೆಯ ಸ್ಥಳ ಮೂರನ್ನೂ ಒಂದೇ ಕಡೆ ಕೊಡುವುದು ಅದೊಂದೇ. 1921ರಲ್ಲಿ ಬೆಳಗಾವಿಯಲ್ಲಿ ಶುರುವಾಗಿ ಹುಬ್ಬಳ್ಳಿಗೆ ಬಂದ ಸಂಯುಕ್ತ ಕರ್ನಾಟಕದಿಂದ ಹಿಡಿದು ಇಂದಿನ ಪತ್ರಿಕೆಗಳವರೆಗೆ ಹುಡುಕುವಾಗ ಮರೆಯುವುದು ಒಂದನ್ನೇ, ಆವೃತ್ತಿಯನ್ನು. ಗದಗಿನ ಪುಟದಲ್ಲಿ ಬಂದ ಸುದ್ದಿ ಬೆಂಗಳೂರಿನ ಆವೃತ್ತಿಯಲ್ಲಿ ಇರುವುದೇ ಇಲ್ಲ, ಅಲ್ಲಿಯ ಗ್ರಂಥಾಲಯದಲ್ಲಿ ಕೂತು ಪುಟ ತಿರುವಿದರೆ ಕಣ್ಣು ನೋವೇ ಲಾಭ. ಪತ್ರಿಕೆಯ ಸ್ಥಳೀಯ ಕಚೇರಿಯಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, 1890ರಿಂದ ಇರುವ ವಿದ್ಯಾವರ್ಧಕ ಸಂಘದಲ್ಲಿ ಹಳೆಯ ಕಟ್ಟುಗಳಿಗಾಗಿ ಕೇಳಿ ನೋಡಬೇಕು. ಸಾವಿನ ಮರುದಿನದಿಂದ ಒಂದು ವಾರದವರೆಗಿನ ಸಂಚಿಕೆ ನೋಡಿ, ಸಿಗದಿದ್ದರೆ ಒಂದು ವರ್ಷ ಬಿಟ್ಟು ಪುಣ್ಯಸ್ಮರಣೆ ಜಾಹೀರಾತು ನೋಡಿ. ಜಾಲತಾಣದಲ್ಲಿ ಹುಡುಕುವುದಾದರೆ ‘ನಿಧನ’ದ ಜೊತೆಗೆ ‘ಲಿಂಗೈಕ್ಯ’, ‘ಶಿವೈಕ್ಯ’, ‘ದೈವಾಧೀನ’ ಹಾಕಿಯೂ ಹುಡುಕಿ. ಸುದ್ದಿಯಲ್ಲಿ ಬರುವ ವಯಸ್ಸನ್ನು ನಂಬಬೇಡಿ, ಎಪ್ಪತ್ತೈದು-ಎಂಬತ್ತು ಎಂದು ದುಂಡಗೆ ಮಾಡಿ ಹೇಳುವುದು ನಮ್ಮ ರೂಢಿ.

ಈಗ ನಿಧನ ವಾರ್ತೆ ಬರೆದು ಕಳಿಸುವವರಲ್ಲಿ ಒಂದು ಬೇಡಿಕೆ. ‘ಅಪಾರ ಬಂಧು-ಬಳಗವನ್ನು ಅಗಲಿದ್ದಾರೆ’ ಅನ್ನುವ ಸಾಲಿಗೆ ಕೊಡುವ ಜಾಗದಲ್ಲಿ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ, ಯಾವ ತಾರೀಖು ಎಂದು ಬರೆಯಿರಿ. ‘ಗುರುವಾರ ನಿಧನರಾದರು’ ಎಂದಷ್ಟೇ ಇದ್ದು, ಕತ್ತರಿಸಿಟ್ಟ ತುಣುಕಿನಲ್ಲಿ ಪತ್ರಿಕೆಯ ತಾರೀಖು ಉಳಿಯದಿದ್ದರೆ ಮುಂದೆ ಅದು ಯಾವ ಗುರುವಾರ ಎಂದು ಯಾರಿಗೂ ತಿಳಿಯುವುದಿಲ್ಲ. ಹೆಣ್ಣುಮಕ್ಕಳ ಸುದ್ದಿಯಲ್ಲಿ ಗಂಡನ ಮನೆಯ ಅಡ್ಡಹೆಸರಿನ ಜೊತೆ ತವರಿನ ಅಡ್ಡಹೆಸರೂ ಊರೂ ಇರಲಿ.