ಎರಡೂ ಪ್ರನಾಳ ಕೆಂಪಾದಾಗ

ಪ್ರಥಮ ಪಿಯುಸಿಯಲ್ಲಿ ರಾಸಾಯನಿಕ ಸಮತೋಲನದ ಪಾಠ ಶುರು ಮಾಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: ಸಮತೋಲನ ಬಂದಾಗ ಪ್ರನಾಳದೊಳಗೆ ಏನಾಗ್ತಿರುತ್ತೆ? "ರಿಯಾಕ್ಷನ್ ನಿಂತೋಗುತ್ತೆ ಸರ್" ಅನ್ನುತ್ತಾರೆ. ಇಲ್ಲವೇ "ಎರಡೂ ಕಡೆ ಸಮ ಆಗುತ್ತೆ ಸರ್". ಮಕ್ಕಳನ್ನು ದೂರಿ ಫಲವಿಲ್ಲ. ಪದದಲ್ಲೇ 'ಸಮ' ಇದೆ, 'ತೋಲನ' ಅಂದರೆ ಅಂಗಡಿಯ ತಕ್ಕಡಿ ನೆನಪಾಗುತ್ತದೆ. ಇಂಗ್ಲಿಷಿನ ಈಕ್ವಿಲಿಬ್ರಿಯಂ ಒಳಗಿರುವುದೂ ಲ್ಯಾಟಿನ್ ತಕ್ಕಡಿಯೇ.

ಅದಕ್ಕೇ ನಾನು ಈಗ ಮೊದಲ ದಿನ ಸೂತ್ರ ಬರೆಯುವುದಿಲ್ಲ. ತೆಳು ಹಳದಿಯ ಫೆರಿಕ್ ಕ್ಲೋರೈಡ್ (ಕಬ್ಬಿಣದ ಒಂದು ಲವಣ) ದ್ರಾವಣಕ್ಕೆ ಬಣ್ಣವಿಲ್ಲದ ಪೊಟ್ಯಾಸಿಯಂ ಥಯೋಸಯನೇಟ್ ಹನಿಸುತ್ತೇನೆ. ರಕ್ತಗೆಂಪು! ಕಬ್ಬಿಣವೂ ಥಯೋಸಯನೇಟೂ ಕೂಡಿದಾಗ ಬರುವ ಬಣ್ಣ ಅದು. ನೀರು ಬೆರೆಸಿ ಕಿತ್ತಳೆ ಬಣ್ಣಕ್ಕೆ ತಂದು ಮೂರು ಪ್ರನಾಳಗಳಿಗೆ ಹಂಚುತ್ತೇನೆ. ಒಂದು ಹಾಗೇ ಇರುತ್ತದೆ, ಹೋಲಿಸಿ ನೋಡಲು. ಎರಡನೆಯದಕ್ಕೆ ಎರಡು ಹನಿ ಫೆರಿಕ್ ಕ್ಲೋರೈಡ್ ಬಿಟ್ಟರೆ ಕೆಂಪೇರುತ್ತದೆ. ಅಂದರೆ ಥಯೋಸಯನೇಟ್ ಇನ್ನೂ ಉಳಿದಿತ್ತು. ಮೂರನೆಯದಕ್ಕೆ ಥಯೋಸಯನೇಟ್ ಬಿಟ್ಟರೆ ಅದೂ ಕೆಂಪು. ಕಬ್ಬಿಣವೂ ಉಳಿದಿತ್ತು.

ಈ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಎರಡೂ ಹೇಗೆ ಉಳಿಯುತ್ತೆ ಸರ್? ಒಂದಾದ್ರೂ ಮುಗೀಬೇಕಲ್ವಾ?"

ನನಗೆ ಆ ದಿನ ಆದ ಖುಷಿ ಅಷ್ಟಿಷ್ಟಲ್ಲ. ಇಂಥದ್ದೇ ಪೇಚಿಗೆ ಫ್ರೆಂಚ್ ರಸಾಯನಶಾಸ್ತ್ರಜ್ಞ ಬೆರ್ತೊಲೆ ಸಿಕ್ಕಿದ್ದು ಈಜಿಪ್ಟಿನಲ್ಲಿ, ನೆಪೋಲಿಯನ್ ಜೊತೆ 1798ರಲ್ಲಿ ಹೋದಾಗ. ಉಪ್ಪುಕೆರೆಗಳ ದಡದಲ್ಲಿ ವಾಷಿಂಗ್ ಸೋಡಾ ಹೆಪ್ಪುಗಟ್ಟಿತ್ತು. ಪ್ರಯೋಗಶಾಲೆಯಲ್ಲಿ ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಸೇರಿದರೆ ಉಪ್ಪು, ಸುಣ್ಣದಕಲ್ಲು ಆಗುತ್ತವೆ. ಅಲ್ಲಿ ಉಪ್ಪು ವಿಪರೀತ ಇದ್ದದ್ದರಿಂದ ಅದೇ ಕ್ರಿಯೆ ಹಿಂದಕ್ಕೆ ಹರಿದಿತ್ತು! ಕ್ರಿಯೆ ಎರಡೂ ದಿಕ್ಕಿಗೆ ನಡೆಯುತ್ತದೆ ಅನ್ನುವುದು ಮನಸ್ಸಿಗೆ ಇಳಿಯದೆ ಮುಂದಿನದ್ಯಾವುದೂ ಇಳಿಯುವುದಿಲ್ಲ.

ಅವಳಿಗೆ ಕ್ಯಾಂಟೀನ್ ತೋರಿಸಿದೆ. ಒಳಗೆ 80 ಜನ, ಮೈದಾನದಲ್ಲಿ 20. ನಿಮಿಷಕ್ಕೆ ಐವರು ಒಳಗೆ, ಐವರು ಹೊರಗೆ. ಮುಖಗಳು ಬದಲಾಗುತ್ತಲೇ ಇರುತ್ತವೆ, ಲೆಕ್ಕ ಬದಲಾಗದು. ಪ್ರನಾಳದಲ್ಲೂ ಹೀಗೇ: ಸಮ ಇರುವುದು ಎರಡೂ ದಿಕ್ಕಿನ ವೇಗ, ಪ್ರಮಾಣವಲ್ಲ.

ಸಮತೋಲನವನ್ನು ಕದಲಿಸಿದರೆ ಕ್ರಿಯೆ ಆ ಬದಲಾವಣೆಯನ್ನು ತಗ್ಗಿಸುವ ದಿಕ್ಕಿಗೆ ಸರಿಯುತ್ತದೆ ಅನ್ನುವ ಲೆ ಶಾಟೆಲಿಯೇ ನಿಯಮವನ್ನು 'ಇದು ಹಾಕಿದರೆ ಬಲಕ್ಕೆ, ಅದು ಹಾಕಿದರೆ ಎಡಕ್ಕೆ' ಅಂತ ಬಾಯಿಪಾಠ ಮಾಡಿಸುವುದನ್ನು ದಯವಿಟ್ಟು ಬಿಡೋಣ. ಹಾಗೆ ಕಲಿತ ಮಗು ಹಾಕಿದ್ದೆಲ್ಲ ಖರ್ಚಾಗಿಹೋಗುತ್ತದೆ ಅಂದುಕೊಳ್ಳುತ್ತದೆ. ಹೋಗುವುದು ಒಂದು ಪಾಲು ಮಾತ್ರ. ಉಷ್ಣತೆ ಬದಲಾಗದಿದ್ದರೆ ಸಮತೋಲನ ಸ್ಥಿರಾಂಕವೂ (ಆದದ್ದಕ್ಕೂ ಉಳಿದದ್ದಕ್ಕೂ ಇರುವ ಅನುಪಾತ, ಗುರುತು 'ಕೆ') ಕದಲದು.

"ಬಿಸಿ ಮಾಡಿದ್ರೆ?" ಅಂದಳು. ಪ್ರನಾಳವನ್ನು ಬಿಸಿನೀರಿಗೆ ಇಳಿಸಲು ಅವಳಿಗೇ ಕೊಟ್ಟೆ. ಕೆಂಪು ತಿಳಿಯಾಯಿತು. ಐಸ್ ನೀರಿಗೆ ಇಟ್ಟಳು, ಮತ್ತೆ ಗಾಢವಾಯಿತು. ನಾನು ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ 'ಕೆ' ಬರೆದದ್ದು ಆಮೇಲೆ.